ಕೊಡಗಿನ ಮುಪ್ಪು ಮತ್ತು ಆರೈಕೆಯ ಹೊಣೆ

2001ರ ಜನಗಣತಿಯಲ್ಲಿ 5,48,561 ಇದ್ದ ಕೊಡಗು ಜಿಲ್ಲೆಯ ಜನಸಂಖ್ಯೆ 2011ರ ವೇಳೆಗೆ 5,54,519 ಆಯಿತು. ಹತ್ತು ವರ್ಷಗಳಲ್ಲಿ ಹೆಚ್ಚಿದ್ದು ಆರು ಸಾವಿರಕ್ಕೂ ಕಡಿಮೆ. ಅದೇ ಅವಧಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಶೇಕಡ 15ಕ್ಕಿಂತ ಹೆಚ್ಚಾಗಿ ಬೆಳೆದಿತ್ತು. ತೋಟದ ಕೂಲಿಗೆಂದು ಹೊರಗಿನಿಂದ ಬಂದು ನೆಲೆಸಿದವರನ್ನೂ ಸೇರಿಸಿಕೊಂಡ ಲೆಕ್ಕ ಇದಾಗಿರುವುದರಿಂದ, ಇಲ್ಲಿಯೇ ಹುಟ್ಟಿ ಬೆಳೆದು ಓದಿಗೂ ಉದ್ಯೋಗಕ್ಕೂ ಮೈಸೂರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳು ಮತ್ತು ಸೇನೆಯ ಠಾಣೆಗಳಿಗೆ ಹೊರಟುಹೋದವರ ಪ್ರಮಾಣ ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡದೆಂದೇ ಎಣಿಸಬೇಕಾಗುತ್ತದೆ. ಹೋದವರು ಹಿಂದೆ ಬಿಟ್ಟದ್ದು ಕಾಫಿ ತೋಟವನ್ನು, ತೋಟದ ನಡುವಿನ ಮನೆಯನ್ನು, ಮತ್ತು ಆ ಮನೆಯಲ್ಲಿ ವಯಸ್ಸಾಗುತ್ತಿರುವ ತಂದೆತಾಯಿಯರನ್ನು. ಕೊಡಗಿನ ಮನೆಗಳು ಬಯಲುಸೀಮೆಯ ಊರುಗಳಂತೆ ಗೋಡೆಗೆ ಗೋಡೆ ತಾಗಿಕೊಂಡು ನಿಂತವಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ತೋಟ, ಗದ್ದೆ, ಹೊಳೆ ದಾಟಿ ಹೋಗಬೇಕಾದ ಈ ನಾಡಿನಲ್ಲಿ, ರಾತ್ರಿ ಬಚ್ಚಲಿನಲ್ಲಿ ಜಾರಿ ಬಿದ್ದ ಮುದುಕರ ಕೂಗು ಪಕ್ಕದ ಮನೆಗೆ ಕೇಳಿಸುವುದಿಲ್ಲ.

ಹೆತ್ತವರ ಆರೈಕೆ ಇಂದು ಇಷ್ಟು ಭಾರವೆನಿಸುವುದೇಕೆಂದು ತಿಳಿಯಬೇಕಾದರೆ, ಹಿಂದೆ ಅದನ್ನು ಹೊರುತ್ತಿದ್ದವರು ಯಾರೆಂಬುದನ್ನು ಮೊದಲು ನೋಡುವುದು ಒಳ್ಳೆಯದು. ಕೊಡವರಲ್ಲಿ ಗುರುಕಾರೋಣನೆಂದು ಪೂಜೆಗೊಳ್ಳುವ ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ಮೂಲಕ ಇಳಿದುಬಂದ ಕುಲಕ್ಕೆ ಒಕ್ಕ ಎಂದು ಹೆಸರು. ಆ ಒಕ್ಕದ ಮೂಲಮನೆ ಐನ್‌ಮನೆ, ಅದರ ಹಿರಿಯ ಪಟ್ಟೆದಾರ. ಜಮ್ಮಾ ಎಂಬ ವಂಶಪಾರಂಪರ್ಯ ಹಿಡುವಳಿಯ ಜಮೀನು ಪಾಲಾಗದೆ ಒಕ್ಕದ ಕೈಯಲ್ಲಿಯೇ ಉಳಿದು, ಕಂದಾಯದ ದಾಖಲೆಯಲ್ಲಿ ಪಟ್ಟೆದಾರನ ಹೆಸರು ನಿಲ್ಲುತ್ತಿತ್ತು. ಎಂದರೆ ಮುಪ್ಪು ಅಧಿಕಾರದ ಕಾಲವಾಗಿತ್ತೇ ಹೊರತು ಅಧಿಕಾರ ಕಳೆದುಕೊಳ್ಳುವ ಕಾಲವಾಗಿರಲಿಲ್ಲ. ಐನ್‌ಮನೆಯ ಕಟ್ಟಡವೂ ಇದಕ್ಕೆ ಒದಗಿಬರುತ್ತಿತ್ತು. ಕಯ್ಯಾಲೆ ಎಂಬ ಮುಂಜಗಲಿಯಲ್ಲಿ ಕಂಬದಿಂದ ಕಂಬಕ್ಕೆ ಕೂಡಿಸಿದ ಅಗಲವಾದ ಹಲಗೆಗೆ ಐಮರ ಎನ್ನುತ್ತಾರೆ. ಅದರ ಮೇಲೆ ಕುಳಿತ ಹಿರಿಯರು ಓಣಿಯಲ್ಲಿ ಏರಿ ಬರುವವರನ್ನೆಲ್ಲ ಕಾಣುತ್ತಿದ್ದರು, ಮನೆಯೊಳಗೂ ಹೊರಗೂ ಓಡಾಡುವ ಹತ್ತಿಪ್ಪತ್ತು ಮಂದಿಯ ಕಣ್ಣಿಗೆ ತಾವೂ ಬೀಳುತ್ತಿದ್ದರು. ಯಾರೊಬ್ಬರನ್ನೂ ನೇಮಿಸದೆ ನಡೆಯುತ್ತಿದ್ದ ಕಾವಲು ಇದು. ಗಂಡುಮಕ್ಕಳಿಲ್ಲದ ಒಕ್ಕ ಅಳಿದುಹೋಗದಂತೆ ಮಗಳಿಗೆ ಹುಟ್ಟಿದ ಮಕ್ಕಳನ್ನು ಅವಳ ತವರಿನ ಒಕ್ಕಕ್ಕೇ ಉಳಿಸಿಕೊಳ್ಳುವ ಮಕ್ಕ ಪರಿಜೆಯಂಥ ಮದುವೆಯ ಕ್ರಮಗಳಿದ್ದುದನ್ನು ಎಂ.ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟವಾದ ಕೊಡವರ ಕುರಿತ ತಮ್ಮ ಅಧ್ಯಯನದಲ್ಲಿ ವಿವರಿಸಿದ್ದಾರೆ; ವಂಶ ಮುಂದುವರಿಯುವುದರ ಜೊತೆಗೆ ಮುಪ್ಪಿನ ಕಾಲಕ್ಕೆ ಒಂದು ಆಸರೆಯೂ ಇಂಥ ಏರ್ಪಾಡಿನಿಂದ ಸಿಗುತ್ತಿದ್ದಿರಬೇಕು.

ಹಾಗೆಂದು ಒಕ್ಕದ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವುದು ಸರಿಯಾಗದು. ಐಮರದ ಮೇಲೆ ಕುಳಿತವರಿಗೆ ಬಿಸಿನೀರು, ಗಂಜಿ, ಕಷಾಯ ತಲುಪುತ್ತಿದ್ದುದು ಒಳಮನೆಯ ಹೆಂಗಸರ ಕೈಯಿಂದ; ಆ ದುಡಿಮೆ ಹಂಚಿಹೋಗುತ್ತಿತ್ತು ಎಂಬುದು ನಿಜವಾದರೂ ಹಂಚಿಕೆಯಾಗುತ್ತಿದ್ದುದು ಹೆಂಗಸರ ನಡುವೆ ಮಾತ್ರ. ಒಕ್ಕ ಒಡೆದು ಸಂಸಾರಗಳು ಬೇರೆಯಾದಾಗ ಗಂಡಸರ ಪಾಲಿಗೆ ಜಮೀನಿನ ಹಂಚಿಕೆ ಬಂದಿತು, ಹೆಂಗಸರ ಪಾಲಿಗೆ ಹಂಚಿಕೊಳ್ಳಲು ಯಾರೂ ಇಲ್ಲದ ಚಾಕರಿ ಬಂದಿತು. ಅರೆಭಾಷೆ ಗೌಡರ ಕುಟುಂಬಗಳಲ್ಲಿಯೂ, ಐನ್‌ಮನೆಯ ಸಂಪ್ರದಾಯವಿರುವ ಇತರ ಸಮುದಾಯಗಳಲ್ಲಿಯೂ ನಡೆದದ್ದು ಹೆಚ್ಚುಕಡಿಮೆ ಇದೇ.

ತೋಟದ ಕೂಲಿಕಾರರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಬದುಕಿದವರ ಮುಪ್ಪು ಇದಕ್ಕಿಂತ ತೀರ ಬೇರೆ. ಯರವ, ಪಣಿಯ ಮುಂತಾದ ಸಮುದಾಯಗಳವರಿಗೂ ಹೊರನಾಡಿನಿಂದ ಬಂದ ಕೂಲಿಕಾರರಿಗೂ ತಲೆಯ ಮೇಲಿನ ಸೂರು ದುಡಿಮೆಗೆ ಕಟ್ಟುಬಿದ್ದಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳ ಮಾಲೀಕರು ಕಾರ್ಮಿಕರಿಗೆ ಮನೆ ಒದಗಿಸಬೇಕೆಂದಿತಾದರೂ ಅದರ ಕೈ ಚಿಕ್ಕ ತೋಟಗಳವರೆಗೆ ಚಾಚಲಿಲ್ಲ. ರಟ್ಟೆಯ ಬಲ ಉಡುಗಿದ ಮೇಲೆ ಮುದುಕರು ಮಗನೋ ಮಗಳೋ ದುಡಿಯುತ್ತಿರುವ ಲೈನ್ ಮನೆಯಲ್ಲಿ ಉಳಿಯುತ್ತಾರೆ, ಆ ಮಗ ಬೇರೆ ತೋಟಕ್ಕೆ ಹೋದರೆ ಅವರೂ ಗಂಟುಮೂಟೆ ಕಟ್ಟುತ್ತಾರೆ. ಅಲ್ಲಿ ಆರೈಕೆ ಮಾಡಬೇಕಾದವರು ದಿನಗೂಲಿಯವರು, ಒಂದು ದಿನ ಮನೆಯಲ್ಲಿ ನಿಂತರೆ ಒಂದು ದಿನದ ಸಂಬಳ ಹೋಯಿತು. ರಾಜ್ಯ ಸರ್ಕಾರ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆ 65 ವರ್ಷ ದಾಟಿದ ಬಡವರಿಗೆ ಮಾಸಾಶನ ಕೊಡುತ್ತದೆ. ಈಗ 1,200 ರೂಪಾಯಿಯಾಗಿರುವ ಆ ಮೊತ್ತ ಮುದುಕರ ಔಷಧಿಗೆ ನೆರವಾಗಬಹುದು, ಅವರ ಬಳಿ ಕುಳಿತ ಮಗಳ ಕೂಲಿಯನ್ನಂತೂ ತುಂಬಿಕೊಡುವುದಿಲ್ಲ.

ಮನೆಯವರೇ ಆಗಿದ್ದು, ಸಂಬಳವಿಲ್ಲದೆ, ಇನ್ನೊಬ್ಬರ ಸ್ನಾನ, ಊಟ, ಮಲಮೂತ್ರ, ಔಷಧಿ, ಆಸ್ಪತ್ರೆಯ ಓಡಾಟಗಳನ್ನು ನೋಡಿಕೊಳ್ಳುವವರನ್ನು ವೈದ್ಯಕೀಯ ಬರಹಗಳಲ್ಲಿ ಆರೈಕೆದಾರರು ಎಂದು ಕರೆಯಲಾಗುತ್ತದೆ. ಕೊಡಗಿನ ತೋಟದ ಮನೆಗಳಲ್ಲಿ ಈ ಕೆಲಸಕ್ಕೆ ನಿಂತವರು ಬಹುಮಟ್ಟಿಗೆ ಸೊಸೆಯಂದಿರು, ಮದುವೆಯಾಗದೆ ಉಳಿದ ಅಥವಾ ಗಂಡನನ್ನು ಕಳೆದುಕೊಂಡು ಮರಳಿದ ಹೆಣ್ಣುಮಕ್ಕಳು, ಇಲ್ಲವೆ ತಾವೇ ಎಪ್ಪತ್ತು ದಾಟಿದ ಹೆಂಡತಿಯರು. ತೋಟ ನೋಡಿಕೊಳ್ಳಲೆಂದು ಊರಿಗೆ ಬಂದ ಮಗ ಅಪ್ಪನ ಪಾರ್ಶ್ವವಾಯುವಿನಿಂದಾಗಿ ಕಾಯಂ ಆಗಿ ಉಳಿದುಹೋದದ್ದೂ ಉಂಟು. ಕೇಂದ್ರ ಸರ್ಕಾರದ ಅಂಕಿಸಂಖ್ಯಾ ಇಲಾಖೆ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷಗಳನ್ನು, ಗಂಡಸರು 76 ನಿಮಿಷಗಳನ್ನು ಅದಕ್ಕಾಗಿ ಕೊಡುತ್ತಾರೆಂದು ಕಂಡುಬಂದಿತು. ಮಕ್ಕಳ ಪಾಲನೆಯೂ ಸೇರಿದ ದೇಶದ ಸರಾಸರಿ ಇದು. ಮಗ್ಗುಲು ಬದಲಿಸಲಾಗದೆ ಮಲಗಿದವರಿಗೆ ಹಾಸಿಗೆ ಹುಣ್ಣಾಗದಿರಬೇಕಾದರೆ ಹಗಲೂ ರಾತ್ರಿಯೂ ಸುಮಾರು ಎರಡು ಗಂಟೆಗೊಮ್ಮೆ ಅವರನ್ನು ಹೊರಳಿಸಬೇಕು ಎಂಬ ಒಂದು ಕೆಲಸವನ್ನಷ್ಟೇ ಲೆಕ್ಕಕ್ಕೆ ಹಿಡಿದರೂ, ಅಂಥ ಮನೆಯಲ್ಲಿ ಯಾರಿಗೂ ಒಂದು ಇಡೀ ನಿದ್ದೆ ಸಿಗುವುದಿಲ್ಲ ಎಂಬುದು ತಿಳಿಯುತ್ತದೆ.

ಇದರ ಮೇಲೆ ಕಾಫಿಯ ಪಂಚಾಂಗ ಬೇರೆ. ನವೆಂಬರಿನ ಕೊನೆಗೆ ಅರೇಬಿಕಾ ಹಣ್ಣಾಗತೊಡಗಿ, ಜನವರಿಯಿಂದ ಮಾರ್ಚಿನವರೆಗೆ ರೋಬಸ್ಟಾ ಕೊಯ್ಲು ನಡೆದು, ಅದರ ಜೊತೆಗೇ ಕರಿಮೆಣಸೂ ಬಂದು ಸೇರಿ, ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುವ ಓಡಾಟವೂ ಕೂಡಿಕೊಂಡಾಗ, ಮನೆಯ ಗಟ್ಟಿಮುಟ್ಟಾದವರೆಲ್ಲ ತೋಟದಲ್ಲಿಯೋ ಕಣದಲ್ಲಿಯೋ ಇರುತ್ತಾರೆ. ಹೋಂ ನರ್ಸ್ ಎಂದು ಜನ ಕರೆಯುವ ಸಂಬಳದ ಸಹಾಯಕಿಯರನ್ನು ಏಜೆನ್ಸಿಗಳ ಮೂಲಕ ಕರೆಸಿಕೊಳ್ಳುವ ಮನೆಗಳಿವೆ. ಆದರೆ ಅವರಲ್ಲಿ ಹಲವರು ಶುಶ್ರೂಷೆಯ ತರಬೇತಿ ಪಡೆದವರಲ್ಲ, ಪಕ್ಕದ ಮನೆ ಕಾಣದ ತೋಟದಲ್ಲಿ ಹೆಚ್ಚು ದಿನ ನಿಲ್ಲಲು ಒಪ್ಪುವವರೂ ಅಲ್ಲ. ಅವರನ್ನು ದೂರುವಂತಿಲ್ಲ. ಮನೆಯ ಸೊಸೆಗೆ ದುಸ್ತರವಾದ ಒಂಟಿತನ ಸಂಬಳಕ್ಕೆ ಬಂದವರಿಗೆ ಸಹ್ಯವಾಗಬೇಕೆಂಬುದು ನ್ಯಾಯವಲ್ಲ.

ಆರೈಕೆದಾರರ ಮೇಲೆ ಬೀಳುವ ಒತ್ತಡವನ್ನು ಅಳೆಯುವ ಪ್ರಯತ್ನಗಳು ನಾಲ್ಕು ದಶಕಗಳಿಂದ ನಡೆದುಬಂದಿವೆ. ಅಮೆರಿಕದ ಸ್ಟೀವನ್ ಝರಿಟ್ ಮತ್ತು ಅವರ ಸಹೋದ್ಯೋಗಿಗಳು 1980ರಲ್ಲಿ ರೂಪಿಸಿದ ಪ್ರಶ್ನಾವಳಿ, ಈಗ 22 ಪ್ರಶ್ನೆಗಳ ರೂಪದಲ್ಲಿ ಬಳಕೆಯಲ್ಲಿರುವುದು, ತನಗೆಂದು ಸಮಯ ಉಳಿಯದಿರುವುದು, ರೋಗಿಯ ಮೇಲೆ ಬರುವ ಸಿಟ್ಟು, ಸ್ನೇಹಿತರ ಸಂಗ ಕಡಿದುಹೋಗುವುದು, ಇನ್ನಷ್ಟು ಮಾಡಬೇಕಿತ್ತೆಂಬ ಅಳುಕು ಇವುಗಳನ್ನೆಲ್ಲ ಅಂಕಗಳಲ್ಲಿ ಹಿಡಿಯುತ್ತದೆ. ಆ ಮೊತ್ತವನ್ನೇ ಆರೈಕೆಯ ಹೊರೆ ಎನ್ನುತ್ತಾರೆ. ಹೊರೆ ಮನಸ್ಸಿನಲ್ಲಿಯೇ ನಿಲ್ಲುವುದಿಲ್ಲ. ಜಾನಿಸ್ ಕೀಕೋಲ್ಟ್ ಗ್ಲೇಸರ್ ಅವರ ತಂಡ 1995ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಪ್ರಯೋಗದಲ್ಲಿ, ಮರೆಗುಳಿ ರೋಗದ ಸಂಬಂಧಿಕರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನ ಮೇಲೆ ಮಾಡಿದ ಒಂದೇ ಅಳತೆಯ ಚಿಕ್ಕ ಗಾಯ ಮಾಯಲು, ಅಂಥ ಹೊಣೆಯಿಲ್ಲದ ಅದೇ ವಯೋಮಾನದ 13 ಹೆಂಗಸರಿಗಿಂತ ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. 1999ರಲ್ಲಿ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ಅವರು ವೃದ್ಧ ದಂಪತಿಗಳನ್ನು ನಾಲ್ಕು ವರ್ಷ ಗಮನಿಸಿ ಬರೆದ ವರದಿ ಇನ್ನೂ ಗಂಭೀರವಾದದ್ದು: ಸಂಗಾತಿಯನ್ನು ನೋಡಿಕೊಳ್ಳುತ್ತ ಬಳಲಿಕೆಗೆ ಒಳಗಾದವರಲ್ಲಿ ಸಾವಿನ ಸಂಭವ ಅಂಥ ಹೊಣೆಯಿಲ್ಲದವರಿಗಿಂತ ಶೇಕಡ 63ರಷ್ಟು ಹೆಚ್ಚಿತ್ತು. ಆರೈಕೆ ಮಾಡುತ್ತಿದ್ದರೂ ಬಳಲಿಕೆಯಿಲ್ಲದಿದ್ದವರಲ್ಲಿ ಇಂಥ ಏರಿಕೆ ಕಂಡುಬರಲಿಲ್ಲ ಎಂಬ ಅದೇ ವರದಿಯ ಇನ್ನೊಂದು ಅಂಶ ಹೆಚ್ಚು ಮುಖ್ಯವಾದುದು; ಕೊಲ್ಲುವುದು ಸೇವೆಯಲ್ಲ, ಬಿಡುವೂ ನೆರವೂ ಇಲ್ಲದ ಸೇವೆ.

ಮರೆಗುಳಿ ರೋಗ, ಎಂದರೆ ಮೆದುಳಿನ ಜೀವಕೋಶಗಳು ಕ್ರಮೇಣ ಹಾಳಾಗಿ ನೆನಪು, ವಿವೇಚನೆ, ಭಾಷೆ ಒಂದೊಂದಾಗಿ ಕಳಚಿಕೊಳ್ಳುವ ಡಿಮೆನ್ಷಿಯಾ, ಈ ಬಳಲಿಕೆಯ ಅತ್ಯಂತ ಕಠಿಣ ರೂಪವನ್ನು ತರುತ್ತದೆ. ಭಾರತದಲ್ಲಿ 60 ದಾಟಿದವರ ಪೈಕಿ ಶೇಕಡ 7.4ರಷ್ಟು ಮಂದಿಗೆ ಇದು ಇರಬಹುದೆಂದು ದೇಶವ್ಯಾಪಿ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿತು. ಅರವತ್ತಕ್ಕೆ ಅರಳುಮರಳೆಂದು ನಕ್ಕು ಬಿಡುವ ರೂಢಿಯಿರುವ ಕಡೆ ರೋಗ ರೋಗವೆಂದು ಗೊತ್ತಾಗುವುದೇ ತಡ. ಅಷ್ಟರಲ್ಲಿ ಅತ್ತೆ ಬೇಕೆಂದೇ ಹಟ ಮಾಡುತ್ತಾರೆ, ಸೊಸೆ ಊಟ ಕೊಟ್ಟಿಲ್ಲವೆಂದು ಬಂದವರ ಮುಂದೆ ಹೇಳುತ್ತಾರೆ ಎಂಬ ಮಾತುಗಳಿಂದ ಮನೆಯ ಗಾಳಿಯೇ ಕೆಟ್ಟಿರುತ್ತದೆ. ಸಂಜೆಯಾಗುತ್ತಲೇ ‘ಮನೆಗೆ ಹೋಗಬೇಕು’ ಎಂದು ತಮ್ಮ ಮನೆಯಿಂದಲೇ ಹೊರಟು ನಿಲ್ಲುವ ರೋಗಿ ತೋಟದ ಸಾಲಿನಲ್ಲಿ ದಾರಿ ತಪ್ಪಿದರೆ ಹುಡುಕುವುದು ಪೇಟೆಯಲ್ಲಿ ಹುಡುಕಿದಷ್ಟು ಸುಲಭವಲ್ಲ, ಆನೆ ಓಡಾಡುವ ದಕ್ಷಿಣ ಕೊಡಗಿನಲ್ಲಂತೂ ಅದು ಜೀವದ ಪ್ರಶ್ನೆ. ಎದುರಿಗೆ ಕುಳಿತಿರುವ ತಾಯಿ ತನ್ನನ್ನು ಗುರುತಿಸದಿದ್ದಾಗ ಮಗಳಿಗೆ ಆಗುವ ದುಃಖಕ್ಕೆ ಸಾವಿನ ದುಃಖಕ್ಕಿರುವಂಥ ಆಚರಣೆ ಇಲ್ಲ, ಸಾಂತ್ವನ ಹೇಳುವವರೂ ಇಲ್ಲ; ಮನಶ್ಶಾಸ್ತ್ರಜ್ಞೆ ಪಾಲೀನ್ ಬಾಸ್ ಇದನ್ನು ಅಸ್ಪಷ್ಟವಾದ ಅಗಲಿಕೆ ಎಂದು ವಿವರಿಸಿದ್ದಾರೆ.

ಕೊಡವ ಮನೆಯೊಂದರಲ್ಲಿ ಸಾವು ಸಂಭವಿಸಿದರೆ ಒಂದರ ಹಿಂದೊಂದು ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಸಂಪ್ರದಾಯ. ಆ ಸದ್ದು ಕೇಳಿದೊಡನೆ ನೆರೆಹೊರೆಯವರು ಕೈಲಿದ್ದ ಕೆಲಸ ಬಿಟ್ಟು ಬರುತ್ತಾರೆ, ಒಕ್ಕದ ಆಪತ್ತು ಸಂಪತ್ತುಗಳಲ್ಲಿ ಅದರ ಪರವಾಗಿ ನಿಲ್ಲುವ ಹೊರ ಒಕ್ಕದ ಅರುವ ಮುಂದೆ ನಿಂತು ನಡೆಸುತ್ತಾನೆ, ಮಾದ ಎಂಬ ಉತ್ತರಕ್ರಿಯೆಯವರೆಗೆ ಆ ಮನೆಯವರು ಒಂಟಿಯಾಗಿರುವುದಿಲ್ಲ. ಸಾವಿಗೆ ಮುಂಚಿನ ಆರು ವರ್ಷ, ಎಂಟು ವರ್ಷಗಳ ಹಾಸಿಗೆಗೆ ಇಂಥ ಯಾವ ಸಂಕೇತವೂ ಇಲ್ಲ. ಓದುಗರಲ್ಲಿ ಕೆಲವರಿಗೆ ಈ ಮಾತು ಕಟುವೆನಿಸಬಹುದಾದರೂ, ಹೆಣ ಹೊರಲು ಕೂಡುವ ಕೈಗಳಲ್ಲಿ ನಾಲ್ಕು ಮೊದಲೇ ಬಂದಿದ್ದರೆ ಒಬ್ಬ ಸೊಸೆಯ ಬೆನ್ನು ಉಳಿಯುತ್ತಿತ್ತು ಎಂಬುದನ್ನು ಅಲ್ಲಗಳೆಯುವುದು ಕಷ್ಟ. ಒಕ್ಕಕ್ಕೆ ಸಂಘಟನೆಯ ಶಕ್ತಿ ಉಳಿದಿಲ್ಲ ಎಂಬ ನೆಪವೂ ಇಲ್ಲಿ ನಿಲ್ಲುವುದಿಲ್ಲ. ಪಾಂಡಂಡ ಕುಟ್ಟಪ್ಪನವರ ಮುಂದಾಳುತನದಲ್ಲಿ 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿ ವರ್ಷಕ್ಕೊಂದು ಒಕ್ಕದ ಆತಿಥ್ಯದಲ್ಲಿ ನಡೆಯುತ್ತ ಬೆಳೆದು, 2024ರಲ್ಲಿ ನಾಪೋಕ್ಲುವಿನಲ್ಲಿ ಮುನ್ನೂರಕ್ಕೂ ಹೆಚ್ಚು ತಂಡಗಳನ್ನು ಕಂಡಿತು. ದೂರದೂರಿನ ಉದ್ಯೋಗಗಳಿಂದ ರಜೆ ಹಾಕಿ ಬಂದು ಒಕ್ಕದ ಹೆಸರಿಗೆ ಆಡುವ ಯುವಕರು, ಅದಕ್ಕೆ ಹಣ ಕೂಡಿಸುವ ಹಿರಿಯರು, ಯಾರು ಯಾವಾಗ ಬರಬೇಕೆಂದು ಪಟ್ಟಿ ಮಾಡುವ ಒಕ್ಕಕೂಟಗಳು ಎಲ್ಲವೂ ಇವೆ. ಅದೇ ಪಟ್ಟಿ, ಅದೇ ನಿಧಿ, ಹಾಸಿಗೆ ಹಿಡಿದ ಹಿರಿಯರಿರುವ ಮನೆಗೆ ತಿಂಗಳಲ್ಲಿ ನಾಲ್ಕು ದಿನ ಬದಲಿ ಆಳನ್ನು ಒದಗಿಸಲು ಸಾಲದೆ ಹೋಗುವುದಿಲ್ಲ. ಆರೈಕೆ ಮಾಡುವವರು ಕೆಲಹೊತ್ತು ಹೊರಗೆ ಹೋಗಿ ಬರುವಂತೆ ಇನ್ನೊಬ್ಬರು ಅವರ ಜಾಗದಲ್ಲಿ ನಿಲ್ಲುವ ಈ ಏರ್ಪಾಡಿಗೆ ಬಿಡುವು ಆರೈಕೆ ಎಂದು ಹೆಸರು. ಸುಗ್ಗಿಯ ಹಬ್ಬವಾದ ಪುತ್ತರಿಗೆ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗ, ಹಿರಿಯರ ಕಾಲುಮುಟ್ಟಿ ಆಶೀರ್ವಾದ ಪಡೆದ ಮೇಲೆ, ಇದನ್ನು ಚರ್ಚೆಗೆ ತರಲು ಅರ್ಧ ಗಂಟೆ ಸಾಕು.

ಕಾನೂನು ಈ ವಿಷಯದಲ್ಲಿ ಹೆತ್ತವರನ್ನು ಕಾಣುತ್ತದೆ, ಆರೈಕೆದಾರರನ್ನು ಅಷ್ಟಾಗಿ ಕಾಣುವುದಿಲ್ಲ. 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಪಾಲನೆ ಕಾಯ್ದೆಯ ಪ್ರಕಾರ ಮಗ, ಮಗಳು, ಪ್ರಾಪ್ತ ವಯಸ್ಕರಾದ ಮೊಮ್ಮಕ್ಕಳು ಇವರಿಂದ ಜೀವನಾಂಶ ಕೇಳಿ ಉಪವಿಭಾಗಾಧಿಕಾರಿ ದರ್ಜೆಯ ಅಧಿಕಾರಿ ನಡೆಸುವ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ನೋಟಿಸು ಜಾರಿಯಾದ 90 ದಿನಗಳೊಳಗೆ ಅದು ಇತ್ಯರ್ಥವಾಗಬೇಕು. ಜೀವನಾಂಶದ ಮಿತಿಯನ್ನು ತಿಂಗಳಿಗೆ 10,000 ರೂಪಾಯಿಗೆ ನಿಲ್ಲಿಸಿದ ಈ ಕಾಯ್ದೆ ಕಾಫಿ ಬೆಳೆಗಾರರ ಮನೆಗಳಿಗೆ ಹೆಚ್ಚು ಸಂಬಂಧಿಸುವುದು ಅದರ 23ನೆಯ ಕಲಮಿನಿಂದ. ತಮ್ಮ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ದಾನಪತ್ರದ ಮೂಲಕ ಬರೆದುಕೊಟ್ಟಿದ್ದು, ಪಡೆದವರು ಆ ಮಾತು ತಪ್ಪಿದರೆ, ಆ ವರ್ಗಾವಣೆಯನ್ನು ರದ್ದುಪಡಿಸಲು ಅಲ್ಲಿ ಅವಕಾಶವಿದೆ. ಪತ್ರದಲ್ಲಿ ಷರತ್ತು ಇಲ್ಲದಿದ್ದರೆ ಏನಾಗುತ್ತದೆಂಬುದು ವಿವಾದದ ವಿಷಯವಾಗಿ, ಷರತ್ತು ಇದ್ದುದು ಸಿದ್ಧವಾಗಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರಿನಲ್ಲಿಯೂ, ಹಿರಿಯರಿಗೆ ಅನುಕೂಲವಾಗುವಂತೆ ಕಾಯ್ದೆಯನ್ನು ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿಯೂ ಹೇಳಿತು. ಆದ್ದರಿಂದ ಮಕ್ಕಳ ಮೇಲೆ ಎಷ್ಟೇ ನಂಬಿಕೆಯಿರಲಿ, ಷರತ್ತನ್ನು ಸ್ಪಷ್ಟ ಮಾತುಗಳಲ್ಲಿ ಬರೆಯಿಸುವುದು ಜಾಣತನ. ಜಮ್ಮಾ ಜಮೀನಿನ ವಿಷಯ ಒಕ್ಕದ ಹಕ್ಕುಗಳೊಡನೆ ಹೆಣೆದುಕೊಂಡಿರುವುದರಿಂದ ಅದಕ್ಕೆ ಬೇರೆಯೇ ಸಲಹೆ ಬೇಕು.

ಆರೈಕೆದಾರರೆಂಬ ವ್ಯಕ್ತಿಯನ್ನು ಹೆಸರಿಸಿ, ಸಂಬಳವಿರಲಿ ಇಲ್ಲದಿರಲಿ ಆ ಕೆಲಸ ಮಾಡುವ ಮನೆಯವರನ್ನೂ ಅದರೊಳಗೆ ಸೇರಿಸಿದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತೂ ಅದರಲ್ಲಿದೆ. ಪಾರ್ಕಿನ್‌ಸನ್ ಕಾಯಿಲೆ ಆ ಕಾಯ್ದೆಯ ಪಟ್ಟಿಯಲ್ಲಿಯೇ ಇರುವುದರಿಂದ, ವೃದ್ಧರಿಗೆ ಅಂಗವೈಕಲ್ಯದ ಪ್ರಮಾಣಪತ್ರವೇಕೆ ಎಂದು ಸುಮ್ಮನಿರುವ ಮನೆಗಳು ಒಮ್ಮೆ ವಿಚಾರಿಸಿ ನೋಡುವುದರಲ್ಲಿ ತಪ್ಪಿಲ್ಲ.

ವೈದ್ಯಕೀಯ ಸೌಲಭ್ಯದ ಮಾತಿಗೆ ಬಂದರೆ, ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು 2016ರಲ್ಲಿ ಆರಂಭವಾದ ಮೇಲೆ ಜಿಲ್ಲಾ ಆಸ್ಪತ್ರೆಯ ಬಲ ಹೆಚ್ಚಿದೆಯಾದರೂ, ಮೆದುಳಿನ ಅಥವಾ ಹೃದಯದ ದೊಡ್ಡ ಚಿಕಿತ್ಸೆಗೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೋ ಘಟ್ಟ ಇಳಿದು ಮಂಗಳೂರಿಗೋ ಹೋಗುವುದು ತಪ್ಪಿಲ್ಲ; ರೈಲಿಲ್ಲದ ಜಿಲ್ಲೆಯಲ್ಲಿ ಅದೆಲ್ಲ ರಸ್ತೆಯ ಪ್ರಯಾಣವೇ. ನಿವೃತ್ತ ಸೈನಿಕರು ಹೆಚ್ಚಾಗಿರುವ ಈ ನಾಡಿಗೆ 2003ರಲ್ಲಿ ಆರಂಭವಾದ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ ದೊಡ್ಡ ನೆರವಾಗಿದ್ದು, ಅವಲಂಬಿತ ತಂದೆತಾಯಿಯರೂ ಆದಾಯದ ಮಿತಿಗೊಳಪಟ್ಟು ಅದರೊಳಗೆ ಬರುತ್ತಾರೆ. ಆದರೆ ದೀರ್ಘಕಾಲ ಮಲಗಿದವರಿಗೆ ಬೇಕಾದದ್ದು ಆಸ್ಪತ್ರೆಗಿಂತ ಹೆಚ್ಚಾಗಿ ಮನೆಬಾಗಿಲಿಗೆ ಬರುವ ದಾದಿ. ಕುಟ್ಟದ ಗಡಿಯಾಚೆಗಿನ ವಯನಾಡಿನಲ್ಲಿ, ಮಾಕುಟ್ಟದ ಕಣಿವೆ ಇಳಿದರೆ ಸಿಗುವ ಕಣ್ಣೂರಿನಲ್ಲಿ ಇದು ನಡೆಯುತ್ತಿದೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಕೆಲವು ವೈದ್ಯರು ಆರಂಭಿಸಿದ ಉಪಶಾಮಕ ಆರೈಕೆ, ಎಂದರೆ ಗುಣವಾಗದ ಕಾಯಿಲೆಯಲ್ಲಿ ನೋವು ಮತ್ತು ಬವಣೆಯನ್ನು ತಗ್ಗಿಸುವ ಚಿಕಿತ್ಸೆ, ಊರಿನ ಸ್ವಯಂಸೇವಕರ ಕೈಸೇರಿ ಹಬ್ಬಿತು. 2008ರಲ್ಲಿ ಕೇರಳ ಸರ್ಕಾರ ಅದನ್ನು ನೀತಿಯಾಗಿ ಒಪ್ಪಿದ ಮೇಲೆ ಪಂಚಾಯಿತಿಗಳೇ ದಾದಿಯರನ್ನು ನೇಮಿಸಿ ಮನೆಮನೆಗೆ ಕಳಿಸತೊಡಗಿದವು. ಬಂದ ದಾದಿ ಹುಣ್ಣಿಗೆ ಪಟ್ಟಿ ಕಟ್ಟಿ, ಮೂತ್ರದ ನಳಿಕೆ ಬದಲಿಸಿ ಹೋಗುವಷ್ಟರಲ್ಲಿ, ಮನೆಯ ಹೆಂಗಸಿಗೆ ರೋಗಿಯನ್ನು ಬೆನ್ನು ನೋಯದಂತೆ ಹೊರಳಿಸುವ ಬಗೆಯನ್ನೂ ಹೇಳಿಕೊಡುತ್ತಾಳೆ. ಮಳೆ, ಗುಡ್ಡ, ಕಾಫಿ ಎರಡು ಕಡೆಗೂ ಒಂದೇ ಆಗಿರುವಾಗ ಈ ವ್ಯವಸ್ಥೆ ಮಾತ್ರ ಗಡಿಗಲ್ಲಿನ ಬಳಿ ನಿಂತಿರುವುದಕ್ಕೆ ಭೂಗೋಳ ಕಾರಣವಲ್ಲ, ಆಡಳಿತದ ಆಯ್ಕೆ ಕಾರಣ.

ಮಳೆಗಾಲ ಆರೈಕೆಯ ಈ ಕಷ್ಟಗಳನ್ನೆಲ್ಲ ಇನ್ನಷ್ಟು ಬಿಗಿಗೊಳಿಸುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲಗಳ ಸುತ್ತ ಗುಡ್ಡಗಳು ಜಾರಿ ಮಂಗಳೂರು ರಸ್ತೆ ಕಡಿದಾಗ, ನಡೆಯಲಾಗದ ಹಿರಿಯರಿದ್ದ ಮನೆಗಳ ಸಂಕಟ ಉಳಿದವರದಕ್ಕಿಂತ ಎಷ್ಟೋ ಪಾಲು ಹೆಚ್ಚಿನದು. ಆದುದರಿಂದ ಜೂನ್ ತಿಂಗಳಿಗೆ ಮುಂಚೆಯೇ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅಪಸ್ಮಾರಗಳ ಔಷಧಿಯನ್ನು ಒಂದು ತಿಂಗಳಿಗಾಗುವಷ್ಟು ತಂದಿಡುವುದು, ಆಮ್ಲಜನಕದ ಯಂತ್ರ ಬಳಸುವವರು ಕರೆಂಟ್ ಹೋದಾಗಿನ ಬದಲಿ ವ್ಯವಸ್ಥೆಯನ್ನು ನೋಡಿಕೊಳ್ಳುವುದು, ಎದ್ದು ಓಡಲಾಗದವರು ಇಂಥ ಮನೆಯಲ್ಲಿದ್ದಾರೆಂದು ಗ್ರಾಮ ಪಂಚಾಯಿತಿಗೂ ಆಶಾ ಕಾರ್ಯಕರ್ತೆಗೂ ಮುಂಚಿತವಾಗಿ ತಿಳಿಸಿ ಬರೆಸಿಡುವುದು ಅಗತ್ಯ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567. ಮಾನಸಿಕ ನೆರವಿಗಾಗಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416; ಹಗಲೂ ರಾತ್ರಿಯೂ ಉಚಿತವಾಗಿ ಸಿಗುವ ಈ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಮತ್ತು ಕರೆ ಮಾಡುವವರು ಹಾಸಿಗೆಯಲ್ಲಿರುವ ರೋಗಿಯೇ ಆಗಿರಬೇಕೆಂದಿಲ್ಲ, ಪಕ್ಕದಲ್ಲಿ ನಿದ್ದೆಗೆಟ್ಟು ಕುಳಿತವರಿಗೂ ಅದು ತೆರೆದಿದೆ.